ಘಟ್ಟ ಹತ್ತುವ ಎಣ್ಣೆ

ಕೊಡಗಿಗೆ ರೈಲು ಇಲ್ಲ. ೧೯೫೬ನೆಯ ಇಸವಿಯ ನವೆಂಬರ್ ೧ರಂದು ಈ ಪುಟ್ಟ ರಾಜ್ಯವು ಮೈಸೂರಿನೊಡನೆ ಒಂದಾದಾಗ ಇರಲಿಲ್ಲ. ಇಂದಿಗೂ ಜಿಲ್ಲೆಯೊಳಗೆ ಕಂಬಿಯ ಹಾದಿ ಕಾಲಿಟ್ಟಿಲ್ಲ. ಇಲ್ಲಿನ ಕಾಫಿ, ಮೆಣಸು, ಏಲಕ್ಕಿಗಳು ಹೊರನಾಡಿಗೆ ಹೋಗುವುದೂ, ಹೊರನಾಡಿನ ಉಪ್ಪು, ಸಿಮೆಂಟು, ಗೊಬ್ಬರಗಳು ಒಳಬರುವುದೂ ರಸ್ತೆಯ ಮೂಲಕವೇ. ಆ ರಸ್ತೆಗಳ ಮೇಲೆ ವಾಹನಗಳನ್ನು ಓಡಿಸುವ ಎಣ್ಣೆಯೂ ಅವೇ ರಸ್ತೆಗಳನ್ನು ಹತ್ತಿ ಬರಬೇಕು.

ಮಡಿಕೇರಿಗೆ ಬಂದ ಪ್ರವಾಸಿಯು ರಾಜಾಸೀಟಿನಲ್ಲಿ ಕುಳಿತು ಸೂರ್ಯಾಸ್ತವನ್ನು ನೋಡುತ್ತಾನೆ. ಓಂಕಾರೇಶ್ವರನ ಕೊಳದ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಾನೆ. ಜೇನನ್ನೂ ಕಾಫಿಪುಡಿಯನ್ನೂ ಕೊಂಡು ಮರಳುತ್ತಾನೆ. ಏರುದಾರಿಯಲ್ಲಿ ತನ್ನ ಕಾರಿಗೆ ಅಡ್ಡವಾಗಿ, ಆಮೆಯಂತೆ ತೆವಳುತ್ತಿದ್ದ ಟ್ಯಾಂಕರು ಅವನ ನೆನಪಿನಲ್ಲಿ ಉಳಿಯುವುದು ಒಂದು ಕಿರುಕುಳವಾಗಿ ಮಾತ್ರ. ಆದರೆ ಕೊಡಗಿನ ಬೆಳೆಗಾರನ ಕಣ್ಣಿಗೆ ಅದು ಬೇರೆಯೇ ವಸ್ತು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಒಂದು ಹದಮಳೆ ಬಿದ್ದರೆ ಕಾಫಿಯ ಮೊಗ್ಗುಗಳು ಕೆಲವೇ ದಿನಗಳಲ್ಲಿ ಅರಳಿ, ತೋಟವೆಲ್ಲ ಮಲ್ಲಿಗೆಯ ಹಾಸಿಗೆಯಂತಾಗುತ್ತದೆ. ಇದಕ್ಕೆ ಹೂಮಳೆಯೆಂದು ಹೆಸರು. ಆ ಮಳೆ ಕೈಕೊಟ್ಟ ವರ್ಷ ರೊಬಸ್ಟಾ ತೋಟದವರು ಕೆರೆಯ ದಡದಲ್ಲಿ ಡೀಸೆಲ್ ಎಂಜಿನ್ನುಗಳನ್ನು ಹೂಡಿ, ಕೊಳವೆಗಳ ಮೂಲಕ ಗಿಡಗಳ ಮೇಲೆ ಕೃತಕ ಮಳೆಯನ್ನು ಸುರಿಸುತ್ತಾರೆ. ಹದಿನೈದು ದಿನ ತಡವಾದರೆ ವರ್ಷದ ಫಸಲಿಗೇ ಸಂಚಕಾರ. ಆ ಹೊತ್ತಿನಲ್ಲಿ ಒಂದು ಪೀಪಾಯಿ ಡೀಸೆಲ್ಲಿಗೂ ಒಂದು ಮಳೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಎಣ್ಣೆ ಎಲ್ಲಿಂದ ಬರುತ್ತದೆ? ಭೂಮಿಯೊಳಗಿನಿಂದ ಎಂದು ಶಾಲೆಯ ಹುಡುಗನೂ ಹೇಳಿಯಾನು. ಉತ್ತರ ಸುಳ್ಳಲ್ಲ; ಆದರೆ ಪೂರ್ಣವಲ್ಲ. ನೆಲದಿಂದ ಬರುವುದು ಕಪ್ಪಾದ ಕಚ್ಚಾ ತೈಲ. ಇಂದಿನ ಪೆಟ್ರೋಲಿನ ಬಹುಭಾಗ ನೆಲದಲ್ಲಿ ದೊರೆತದ್ದಲ್ಲ, ಮನುಷ್ಯನು ಮಾಡಿದ್ದು. ಬೇರೆ ರೂಪದಲ್ಲಿದ್ದ ತೈಲವನ್ನು ಸೀಳಿ ತೆಗೆದದ್ದು. ಆ ಸೀಳುವ ಕೆಲಸವನ್ನು ಕಾಣಬೇಕಾದರೆ ಮಡಿಕೇರಿಯಿಂದ ಪಡುವಣಕ್ಕೆ ಇಳಿಯಬೇಕು.

ಇಳಿಯುವ ಹಾದಿ

ಮಡಿಕೇರಿಯನ್ನು ಬಿಟ್ಟ ಹೆದ್ದಾರಿ ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡುಗಳನ್ನು ದಾಟಿ ಸಂಪಾಜೆಗೆ ಇಳಿಯುತ್ತದೆ. ಮೂವತ್ತು ಕಿಲೋಮೀಟರಿನ ಒಳಗೆ ಸುಮಾರು ಸಾವಿರ ಮೀಟರಿನಷ್ಟು ಇಳಿತ. ಮೇಲೆ ಮಂಜು, ಕಾಫಿ, ಕಿತ್ತಳೆ; ಕೆಳಗೆ ಸೆಕೆ, ಅಡಕೆ, ರಬ್ಬರು. ಬಳಿಯಲ್ಲೇ ಪಯಸ್ವಿನಿ ಹರಿಯುತ್ತಾಳೆ. ಅವಳು ಸುಳ್ಯದವರೆಗೆ ರಸ್ತೆಗೆ ಜೊತೆಯಾಗಿ, ಅನಂತರ ಕಾಸರಗೋಡಿನ ಕಡೆ ತಿರುಗಿ, ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತಾಳೆ. ರಸ್ತೆ ಮಾತ್ರ ಪುತ್ತೂರು, ಮಾಣಿಗಳ ಮೂಲಕ ಸಾಗಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟುತ್ತದೆ.

ಈ ಸೇತುವೆಯ ಮೇಲೆ ಕೊಡಗಿನವನಿಗೆ ಒಂದು ನೆಂಟಸ್ತಿಕೆ ಹೊಳೆಯಬೇಕು. ಕೆಳಗೆ ಹರಿಯುವ ನೀರಿನಲ್ಲಿ ಅವನ ಬೆಟ್ಟದ ಪಾಲೂ ಇದೆ. ಸೋಮವಾರಪೇಟೆಯ ಕಡೆಯ ಪುಷ್ಪಗಿರಿ ಶ್ರೇಣಿಯಲ್ಲಿ ಹುಟ್ಟುವ ಕುಮಾರಧಾರೆ ಸುಬ್ರಹ್ಮಣ್ಯದ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮಂಗಳೂರಿನ ಸಂಸ್ಕರಣಾಗಾರವು ಉಗಿಗೂ ತಂಪಿಗೂ ಬೇಕಾದ ನೀರನ್ನು ಬಹುಕಾಲ ಪಡೆಯುತ್ತ ಬಂದಿರುವುದು ಈ ನೇತ್ರಾವತಿಯಿಂದಲೇ. ಬೆಟ್ಟದಿಂದ ನೀರು ಇಳಿಯುತ್ತದೆ. ಕಡಲ ತಡಿಯಿಂದ ಎಣ್ಣೆ ಏರುತ್ತದೆ. ನಡುವೆ ಇರುವ ಕಾರ್ಯಾಗಾರವೇ ಮಂಗಳೂರು ರಿಫೈನರಿ.

ಮಂಗಳೂರನ್ನು ದಾಟಿ, ಕೂಳೂರಿನ ಸೇತುವೆ, ಪಣಂಬೂರಿನ ಬಂದರು, ಬೈಕಂಪಾಡಿಗಳನ್ನು ಹಿಂದಿಕ್ಕಿ ಸುರತ್ಕಲ್ಲಿನ ಬಳಿ ಒಳನಾಡಿಗೆ ಹೊರಳಿದರೆ ಕುತ್ತೆತ್ತೂರು. ಒಳಗೆ ಕಾಲಿಡಲು ಅಪ್ಪಣೆ ಬೇಕು. ಆದರೆ ಬೆಳ್ಳಿಯ ಬಣ್ಣದ ಗೋಪುರಗಳೂ, ಗುಂಡು ತೊಟ್ಟಿಗಳೂ, ಇರುಳಿನಲ್ಲಿ ಆಕಾಶದೀಪದಂತೆ ಉರಿಯುವ ಜ್ವಾಲೆಯೂ ದೂರದಿಂದಲೇ ಕಾಣುತ್ತವೆ. ೧೯೮೮ರಲ್ಲಿ ಸ್ಥಾಪನೆಗೊಂಡು ೧೯೯೬ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಈ ಸಂಸ್ಥೆಯನ್ನು ೨೦೦೩ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ತನ್ನ ತೆಕ್ಕೆಗೆ ತೆಗೆದುಕೊಂಡಿತು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯ ಇದಕ್ಕಿದೆ.

ಉದ್ದವಾದುದನ್ನು ತುಂಡರಿಸುವುದು

ಹಡಗುಗಳಲ್ಲಿ ಬಂದ ಕಚ್ಚಾ ತೈಲವು ಒಂದು ವಸ್ತುವಲ್ಲ, ಸಾವಿರಾರು ವಸ್ತುಗಳ ಸಂತೆ. ಎಲ್ಲವೂ ಇಂಗಾಲ ಮತ್ತು ಜಲಜನಕದ ಪರಮಾಣುಗಳು ಸರಪಣಿಯಂತೆ, ಬಳೆಗಳಂತೆ ಹೆಣೆದುಕೊಂಡವು. ಮೂರು ನಾಲ್ಕು ಇಂಗಾಲಗಳ ಪುಟ್ಟ ಸರಪಣಿಯಾದರೆ ಅದು ಅಡುಗೆಯ ಅನಿಲ. ಐದರಿಂದ ಹನ್ನೊಂದರ ಆಸುಪಾಸಿನದು ಪೆಟ್ರೋಲು. ಇನ್ನೂ ಉದ್ದವಾದರೆ ಸೀಮೆಎಣ್ಣೆ, ಡೀಸೆಲ್. ಇಪ್ಪತ್ತು, ಮೂವತ್ತು, ನಲವತ್ತನ್ನು ದಾಟಿದರೆ ಕಾಕಂಬಿಯಂತಹ ಮಂದ ದ್ರವ, ಕೊನೆಗೆ ರಸ್ತೆಯ ಡಾಂಬರು. ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಹಗುರವಾದದ್ದು ಆವಿಯಾಗಿ ಮೇಲೇರುತ್ತದೆ, ಭಾರವಾದದ್ದು ಕೆಳಗುಳಿಯುತ್ತದೆ. ಇದು ಬರಿಯ ಬಟ್ಟಿಯಿಳಿಸುವಿಕೆ; ಜಾತ್ರೆಯಲ್ಲಿ ಬೆರೆತವರನ್ನು ಊರೂರಿನ ಬಂಡಿಗೆ ಹತ್ತಿಸುವ ಕೆಲಸ. ಇದರಿಂದ ಹೊಸದೇನೂ ಹುಟ್ಟುವುದಿಲ್ಲ.

ತೊಡಕು ಇಲ್ಲಿಯೇ ಇದೆ. ಹೀಗೆ ಬೇರ್ಪಡಿಸಿದಾಗ ದೊರೆಯುವ ಪೆಟ್ರೋಲು ಸಾಮಾನ್ಯವಾಗಿ ಐದರಲ್ಲೊಂದು ಪಾಲಿನ ಸುತ್ತಮುತ್ತ. ಹಲವು ತೈಲಗಳಲ್ಲಿ ಅರ್ಧದ ಹತ್ತಿರಹತ್ತಿರ ಭಾಗ ಯಾರಿಗೂ ಹೆಚ್ಚು ಬೇಡದ ಮಂದ ಎಣ್ಣೆಯಾಗಿ ತಳದಲ್ಲಿ ಉಳಿಯುತ್ತದೆ. ಕಾರುಗಳು ಹೆಚ್ಚಿದಂತೆ ಈ ಲೆಕ್ಕ ತಪ್ಪತೊಡಗಿತು. ೧೯೧೩ರಲ್ಲಿ ಅಮೆರಿಕದ ವಿಲಿಯಂ ಬರ್ಟನ್ನನ ವಿಧಾನವು, ಬರಿಯ ಶಾಖ ಹಾಗೂ ಒತ್ತಡಗಳಿಂದ ಉದ್ದ ಸರಪಣಿಗಳನ್ನು ಮುರಿಯುವ ದಾರಿಯನ್ನು ತೆರೆಯಿತು. ಆದರೆ ಇದು ಕೊಡಲಿಯಿಲ್ಲದೆ ಸೌದೆಯನ್ನು ಬಂಡೆಗೆ ಅಪ್ಪಳಿಸಿ ಒಡೆದಂತೆ. ತುಂಡುಗಳು ಸಿಕ್ಕುತ್ತವೆ, ಸೊಗಸಾಗಿ ಅಲ್ಲ.

ಸೊಗಸಿನ ದಾರಿಯನ್ನು ಹುಡುಕಿದವನು ಫ್ರಾನ್ಸಿನ ಎಂಜಿನಿಯರು ಯೂಜೀನ್ ಹೌಡ್ರಿ. ಮೊದಲನೆಯ ಮಹಾಯುದ್ಧದಲ್ಲಿ ಕಾದಿ ಬಂದ ಈತನಿಗೆ ಮೋಟಾರು ಪಂದ್ಯಗಳಲ್ಲಿ ಬಲು ಆಸಕ್ತಿ. ಎಂಜಿನ್ನಿನ ಚುರುಕು ಇಂಧನದ ಗುಣದಲ್ಲಿದೆಯೆಂದು ಕಂಡುಕೊಂಡ ಆತ, ಒಂದು ಬಗೆಯ ಜೇಡಿಯ ಸಂಪರ್ಕದಲ್ಲಿ ಮಂದ ಎಣ್ಣೆಯು ಸುಲಭವಾಗಿ ಸೀಳುವುದನ್ನೂ, ಸೀಳಿದ ಪೆಟ್ರೋಲು ಉತ್ತಮ ಗುಣದ್ದಾಗಿರುವುದನ್ನೂ ತೋರಿಸಿದ. ೧೯೩೦ರಲ್ಲಿ ಅಮೆರಿಕಕ್ಕೆ ಹೋದ ಆತನ ದೊಡ್ಡ ಸ್ಥಾವರ ೧೯೩೭ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್ಕಿನಲ್ಲಿ ನಡೆಯತೊಡಗಿತು. ತಾನು ವ್ಯಯವಾಗದೆ ಮತ್ತೊಂದರ ಮಾರ್ಪಾಡನ್ನು ತ್ವರೆಗೊಳಿಸುವ ಇಂತಹ ವಸ್ತುವೇ ವೇಗವರ್ಧಕ. ಮದುವೆಗಳನ್ನು ಕುದುರಿಸಿ ತಾನು ಮಾತ್ರ ಬ್ರಹ್ಮಚಾರಿಯಾಗಿ ಉಳಿಯುವ ದಲ್ಲಾಳಿಯಂತೆ ಅದರ ಸ್ವಭಾವ.

ಹೌಡ್ರಿಯ ವಿಧಾನದಲ್ಲಿ ಒಂದು ಕುಂದಿತ್ತು. ಕೆಲವೇ ನಿಮಿಷಗಳಲ್ಲಿ ಜೇಡಿಯ ಮೇಲೆ ಮಸಿ ಕಟ್ಟುತ್ತಿತ್ತು; ಕೆಲಸವನ್ನು ನಿಲ್ಲಿಸಿ ಮಸಿಯನ್ನು ಸುಡಬೇಕಾಗುತ್ತಿತ್ತು. ವೇಗವರ್ಧಕವನ್ನು ನುಣುಪಾದ ಪುಡಿಮಾಡಿ, ಆವಿಯಲ್ಲಿ ತೇಲಿಸಿ, ನೀರಿನಂತೆ ಹರಿಸುವ ಉಪಾಯಕ್ಕೆ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಾರನ್ ಲೂಯಿಸ್ ಮತ್ತು ಎಡ್ವಿನ್ ಗಿಲಿಲ್ಯಾಂಡ್ ದಾರಿತೋರಿದರು. ೧೯೪೨ರ ಮೇ ೨೫ರಂದು ಲೂಯಿಸಿಯಾನಾದ ಬ್ಯಾಟನ್ ರೂಜಿನಲ್ಲಿ ಅಂತಹ ಮೊದಲ ಸ್ಥಾವರ ಕೆಲಸ ಆರಂಭಿಸಿತು. ಆಗ ಎರಡನೆಯ ಮಹಾಯುದ್ಧದ ಮಧ್ಯಕಾಲ. ಯುದ್ಧವಿಮಾನಗಳಿಗೆ ಉತ್ತಮ ಪೆಟ್ರೋಲಿನ ಹಸಿವು. ಕೊಡಗಿನ ಕೆ. ಎಂ. ಕಾರ್ಯಪ್ಪನವರು ೧೯೪೧–೪೨ರಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ಸೇವೆ ಸಲ್ಲಿಸಿದ್ದೂ ಇದೇ ಯುದ್ಧದಲ್ಲಿ. ಇರಾಕ್ ಇರಾನ್‌ಗಳೆರಡೂ ತೈಲದ ನಾಡುಗಳು. ಎಣ್ಣೆಗೂ ಕೊಡಗಿಗೂ ನಂಟು ಹೊಸದಲ್ಲ.

ಮಂಡಕ್ಕಿ ಭಟ್ಟಿಯ ಮರಳು

ಈ ಸ್ಥಾವರದ ಒಳಗುಟ್ಟನ್ನು ತಿಳಿಯಲು ಮಂಡಕ್ಕಿ ಹುರಿಯುವ ಭಟ್ಟಿಯನ್ನು ನೆನೆಯಬಹುದು. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಅದರೊಳಗೆ ಅಕ್ಕಿಯನ್ನು ಸುರಿದರೆ ಕ್ಷಣಮಾತ್ರದಲ್ಲಿ ಅರಳುತ್ತದೆ. ಜರಡಿ ಹಿಡಿದರೆ ಮಂಡಕ್ಕಿ ಮೇಲುಳಿದು ಮರಳು ಕೆಳಗಿಳಿಯುತ್ತದೆ. ಅದೇ ಮರಳು ಮತ್ತೆ ಬಾಣಲೆಗೆ. ಶಾಖವನ್ನು ಒಯ್ಯುವುದು ಮರಳು. ಆದರೆ ಮರಳನ್ನು ಯಾರೂ ತಿನ್ನುವುದಿಲ್ಲ.

ಸಂಸ್ಕರಣಾಗಾರದ ಗೋಪುರದಲ್ಲಿ ಮರಳಿನ ಸ್ಥಾನದಲ್ಲಿರುವುದು ವೇಗವರ್ಧಕದ ಪುಡಿ. ಒಂದೊಂದು ಕಣವೂ ಮಿಲಿಮೀಟರಿನ ಹದಿನಾಲ್ಕನೆಯ ಒಂದು ಭಾಗದಷ್ಟು. ಸುಮಾರು ೭೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾದ ಈ ಪುಡಿಯು ನೇರವಾಗಿ ನಿಂತ ಕೊಳವೆಯ ಬುಡಕ್ಕೆ ಹರಿದು ಬರುತ್ತದೆ. ಅಲ್ಲಿ ಅದರ ಮೇಲೆ ಮಂದ ಎಣ್ಣೆಯನ್ನು ಸಿಂಪಡಿಸುತ್ತಾರೆ. ಒಂದು ಟನ್ ಎಣ್ಣೆಗೆ ಐದಾರು ಟನ್ ಪುಡಿ, ಕೆಲವೊಮ್ಮೆ ಇನ್ನೂ ಹೆಚ್ಚು. ಎಣ್ಣೆ ಒಮ್ಮೆಗೇ ಆವಿಯಾಗಿ ಪುಡಿಯನ್ನೂ ಹೊತ್ತುಕೊಂಡು ಮೇಲಕ್ಕೆ ನುಗ್ಗುತ್ತದೆ. ೫೦೦ರಿಂದ ೫೫೦ ಡಿಗ್ರಿಗಳ ಶಾಖದಲ್ಲಿ, ಎರಡು ಮೂರು ಸೆಕೆಂಡುಗಳಲ್ಲಿ, ಕೊಳವೆಯ ತುದಿಯನ್ನು ಮುಟ್ಟುವುದರೊಳಗಾಗಿ ಉದ್ದ ಸರಪಣಿಗಳು ಸೀಳಿ ಪೆಟ್ರೋಲೂ ಅಡುಗೆ ಅನಿಲವೂ ಆಗಿರುತ್ತವೆ. ತುದಿಯಲ್ಲಿ ಸುಳಿಗಾಳಿಯಂತೆ ಸುತ್ತಿಸುವ ಪಾತ್ರೆಗಳು ಆವಿಯನ್ನೂ ಪುಡಿಯನ್ನೂ ಬೇರ್ಪಡಿಸುತ್ತವೆ. ಇದೇ ಇಲ್ಲಿನ ಜರಡಿ.

ಕಣಗಳ ಮೇಲೆ ಈಗ ಮಸಿ ಅಂಟಿದೆ. ಎಣ್ಣೆಯ ತೂಕದಲ್ಲಿ ನೂರಕ್ಕೆ ಐದರಷ್ಟು ಹೀಗೆ ಮಸಿಯಾಗುತ್ತದೆ. ಮಸಿ ಹಿಡಿದ ಪುಡಿಯನ್ನು ಪಕ್ಕದ ಪಾತ್ರೆಗೆ ಇಳಿಸಿ ಗಾಳಿಯೂದಿದರೆ ಮಸಿ ಉರಿದುಹೋಗುತ್ತದೆ. ಆ ಉರಿಯಿಂದಲೇ ಪುಡಿ ಮತ್ತೆ ೭೦೦ ಡಿಗ್ರಿಗೆ ಕಾಯುತ್ತದೆ. ಮಂಡಕ್ಕಿಯವನಿಗೆ ಸೌದೆ ಬೇಕು. ಇಲ್ಲಿ ಕೊಳೆಯೇ ಸೌದೆ. ಹಗಲಿರುಳೂ ಈ ಪ್ರದಕ್ಷಿಣೆ ನಿಲ್ಲದು.

ಇನ್ನು ಆ ಪುಡಿಯ ಮಹಿಮೆ. ೧೯೬೦ರ ದಶಕದಲ್ಲಿ ಚಾರ್ಲ್ಸ್ ಪ್ಲಾಂಕ್ ಮತ್ತು ಎಡ್ವರ್ಡ್ ರೋಸಿನ್‌ಸ್ಕಿ ಎಂಬ ಅಮೆರಿಕದ ವಿಜ್ಞಾನಿಗಳು ಬರಿಯ ಜೇಡಿಯ ಬದಲು ಜಿಯೋಲೈಟ್ ಎಂಬ ಸ್ಫಟಿಕವನ್ನು ಬಳಕೆಗೆ ತಂದರು. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದ ಇದರೊಳಗೆ ಅಣುವೊಂದು ನುಸುಳುವಷ್ಟೇ ಅಗಲದ ಓಣಿಗಳಿವೆ. ಓಣಿಗಳ ಗೋಡೆಯಲ್ಲಿ ಆಮ್ಲಗುಣದ ತಾಣಗಳಿವೆ. ಅವು ಸರಪಣಿಯನ್ನು ಹಿಡಿದು ಮುರಿಯುವ ಇಕ್ಕುಳಗಳು. ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಚ್ಚಿ ಹಾಸಿದರೆ ಮೂವತ್ತು–ನಲವತ್ತು ಅಡಿಯ ನಿವೇಶನವನ್ನೂ ಮೀರಿ ಹರಡೀತು. ಇಂದಿನ ಪುಡಿಯಲ್ಲಿಯೂ ಜಿಯೋಲೈಟಿಗೆ ಒಡಲಾಗಿ ಬಿಳಿಯ ಜೇಡಿಯನ್ನು ಬೆರೆಸುತ್ತಾರೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಮಂಗಳೂರಿನ ಹೆಸರು ಜೇಡಿಯ ಮೇಲೆಯೇ ನಿಂತಿತ್ತು. ಕೊಡಗಿನ ಎಷ್ಟೋ ಐನ್‌ಮನೆಗಳು ಮಳೆಯನ್ನು ಎದುರಿಸಿದ್ದು ಮಂಗಳೂರು ಹೆಂಚಿನ ಆಸರೆಯಲ್ಲಿ. ಜೇಡಿಯ ಉಪಕಾರ ಇಂದು ಮತ್ತೊಂದು ರೂಪದಲ್ಲಿ ಅದೇ ಘಟ್ಟವನ್ನು ಹತ್ತುತ್ತಿದೆ.

ಎರಡು ಬಗೆಯ ಸೀಳು

ಮಂಗಳೂರಿನಲ್ಲಿ ಈ ಬಗೆಯ ಘಟಕ ಬಂದದ್ದು ಮೂರನೆಯ ಹಂತದ ವಿಸ್ತರಣೆಯಲ್ಲಿ, ೨೦೧೪ರಲ್ಲಿ. ವರ್ಷಕ್ಕೆ ೨೨ ಲಕ್ಷ ಟನ್ ಇದರ ಶಕ್ತಿ. ಅದಕ್ಕಿಂತ ಮೊದಲೇ ಅಲ್ಲಿ ಹೈಡ್ರೋಕ್ರ್ಯಾಕರ್ ಎಂಬ ಮತ್ತೊಂದು ಬಗೆಯ ಘಟಕಗಳು ಎರಡಿದ್ದವು. ಅವುಗಳಲ್ಲಿ ವೇಗವರ್ಧಕದ ಜೊತೆಗೆ ಅಪಾರ ಒತ್ತಡದ ಜಲಜನಕವೂ ಸೇರಿ, ಮುರಿದ ತುಂಡುಗಳ ಗಾಯವನ್ನು ಅಲ್ಲಿಯೇ ಮಾಯಿಸುತ್ತದೆ. ಹೈಡ್ರೋಕ್ರ್ಯಾಕರಿನ ಒಲವು ಡೀಸೆಲ್ ಮತ್ತು ವಿಮಾನದ ಎಣ್ಣೆಯ ಕಡೆಗೆ. ಪುಡಿ ಹರಿಯುವ ಘಟಕದ ಒಲವು ಪೆಟ್ರೋಲು ಮತ್ತು ಅನಿಲಗಳ ಕಡೆಗೆ. ಈ ಅನಿಲಗಳಲ್ಲೊಂದಾದ ಪ್ರೊಪಿಲೀನಿನಿಂದ ೨೦೧೫ರಿಂದ ಅಲ್ಲಿಯೇ ಪಾಲಿಪ್ರೊಪಿಲೀನ್ ಸಿದ್ಧವಾಗುತ್ತಿದೆ. ಕಾಫಿ ತೋಟಕ್ಕೆ ಬರುವ ಗೊಬ್ಬರದ ಬಿಳಿ ನೇಯ್ಗೆಯ ಚೀಲಗಳನ್ನು ನೇಯುವುದು ಇಂತಹ ವಸ್ತುವಿನಿಂದಲೇ.

ಸೀಳಿ ಪಡೆದ ಪೆಟ್ರೋಲಿಗೆ ಇನ್ನೊಂದು ಗುಣವಿದೆ; ಅದನ್ನು ಸಂಪಾಜೆಯ ಏರು ಚೆನ್ನಾಗಿ ಬಲ್ಲದು. ನೇರ ಸರಪಣಿಗಳೇ ಹೆಚ್ಚಿರುವ ಪೆಟ್ರೋಲು, ಭಾರ ಹೊತ್ತ ಎಂಜಿನ್ನಿನಲ್ಲಿ ಹೊತ್ತಿಗೆ ಮುನ್ನ ತಾನಾಗಿ ಸಿಡಿದು ಟಕಟಕ ಸದ್ದು ಮಾಡುತ್ತದೆ. ಹಳೆಯ ಚಾಲಕರು ಎಂಜಿನ್ ಬಡಿಯುತ್ತದೆ ಎನ್ನುತ್ತಿದ್ದರು. ಜಿಯೋಲೈಟಿನ ಓಣಿಗಳಲ್ಲಿ ಹುಟ್ಟುವ ಅಣುಗಳು ಹೆಚ್ಚಾಗಿ ಕವಲೊಡೆದವು, ಬಳೆಯಾದವು. ಅವು ಈ ಸಿಡಿತವನ್ನು ತಡೆಯುತ್ತವೆ. ಹಿಂದೆ ಇದೇ ಉದ್ದೇಶಕ್ಕಾಗಿ ಪೆಟ್ರೋಲಿಗೆ ವಿಷಕಾರಿ ಸೀಸವನ್ನು ಬೆರೆಸುತ್ತಿದ್ದರು. ೨೦೦೦ದ ಫೆಬ್ರವರಿಯಿಂದ ಭಾರತದಲ್ಲಿ ಸೀಸದ ಪೆಟ್ರೋಲು ನಿಂತುಹೋಯಿತು. ಘಟ್ಟದ ತಿರುವಿನಲ್ಲಿ ತಾಯಿಯ ಮಡಿಲಿನ ಮಗು ಸೀಸದ ಹೊಗೆಯನ್ನು ಕುಡಿಯದೆ ಪ್ರಯಾಣ ಮಾಡುವುದಕ್ಕೆ, ಒಳ್ಳೆಯ ಪೆಟ್ರೋಲನ್ನು ಸೀಸವಿಲ್ಲದೆ ತಯಾರಿಸಬಲ್ಲ ಇಂತಹ ಘಟಕಗಳೂ ಒಂದು ಕಾರಣ.

ಏರುವ ಹಾದಿ

ಸಿದ್ಧವಾದ ಎಣ್ಣೆಯ ಒಂದು ಪಾಲು ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನವರೆಗೆ, ಸುಮಾರು ೩೬೦ ಕಿಲೋಮೀಟರು, ನೆಲದೊಳಗಿನ ಕೊಳವೆಯಲ್ಲಿಯೇ ಹರಿದುಹೋಗುತ್ತದೆ. ಕೊಡಗಿಗೆ ಆ ಭಾಗ್ಯವಿಲ್ಲ. ಪಡುವಣದ ಘಟ್ಟದಿಂದಾಗಲಿ ಮೂಡಣದ ಬಯಲಿನಿಂದಾಗಲಿ, ಗಾಲಿಯ ಮೇಲೆಯೇ ಅದು ಬರಬೇಕು.

೨೦೧೮ರ ಆಗಸ್ಟ್ ತಿಂಗಳಲ್ಲಿ ಈ ಮಾತಿನ ಅರ್ಥ ನಾಡಿಗೆಲ್ಲ ತಿಳಿಯಿತು. ಎಡೆಬಿಡದೆ ಸುರಿದ ಮಳೆಗೆ ಬೆಟ್ಟಗಳು ಬಾಯಿಬಿಟ್ಟವು. ಜೋಡುಪಾಲ, ಮದೆನಾಡುಗಳ ಕಡೆ ಮಣ್ಣು ಮನೆಗಳನ್ನು ನುಂಗಿತು, ಪ್ರಾಣಹಾನಿಯಾಯಿತು, ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ಮಡಿಕೇರಿ–ಸಂಪಾಜೆ ಹೆದ್ದಾರಿ ಹಲವೆಡೆ ಕುಸಿದು ವಾರಗಟ್ಟಲೆ ಮುಚ್ಚಿತು. ಆ ಬಳಿಕದ ಮಳೆಗಾಲಗಳಲ್ಲಿಯೂ ಭಾರಿ ವಾಹನಗಳಿಗೆ ಜಿಲ್ಲಾಡಳಿತವು ಆಗಾಗ ತಡೆಯೊಡ್ಡಬೇಕಾಗಿ ಬಂದಿದೆ.

ಮರುವರ್ಷ ತೊಂದರೆ ಮೇಲಿನಿಂದ ಕೆಳಕ್ಕೆ ಇಳಿಯಿತು. ೨೦೧೯ರ ಬೇಸಗೆಯಲ್ಲಿ ನೇತ್ರಾವತಿ ಸೊರಗಿ, ಸಂಸ್ಕರಣಾಗಾರವು ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು; ೨೦೧೬ರಲ್ಲಿಯೂ ಹೀಗೆಯೇ ಆಗಿತ್ತು. ಹಾಗಾಗಿಯೇ ತಣ್ಣೀರುಬಾವಿಯ ಕಡಲ ದಂಡೆಯಲ್ಲಿ, ದಿನಕ್ಕೆ ಮೂರು ಕೋಟಿ ಲೀಟರ್ ಉಪ್ಪುನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಸಂಸ್ಥೆ ಕಟ್ಟಿಕೊಂಡಿತು. ಒಂದು ಮಳೆಗಾಲದಲ್ಲಿ ನೀರು ಹೆಚ್ಚಾಗಿ ರಸ್ತೆ ಮುರಿಯಿತು. ಮುಂದಿನ ಬೇಸಗೆಯಲ್ಲಿ ನೀರು ಸಾಲದೆ ಯಂತ್ರ ನಿಂತಿತು. ಬೆಟ್ಟದ ಆರೋಗ್ಯ ಕೆಟ್ಟರೆ ಕಡಲ ತಡಿಯ ಯಂತ್ರವೂ ಕೆಮ್ಮುತ್ತದೆ.

ಈ ಎಣ್ಣೆಯ ಬೆಲೆಯಲ್ಲಿ ಬಂಕಿನ ಅಂಕಿಗಳು ತೋರಿಸದ ಪಾಲುಗಳೂ ಇವೆ. ಇಲ್ಲಿನ ಕೈಗಾರಿಕೆಗಳಿಗಾಗಿ ಗದ್ದೆ ತೋಟಗಳನ್ನು ಬಿಟ್ಟುಕೊಟ್ಟು ಬೇರೆಡೆ ನೆಲೆಸಿದ ಕರಾವಳಿಯ ಕುಟುಂಬಗಳಿವೆ. ಮೂರನೆಯ ಹಂತದ ಕೋಕ್ ಘಟಕದ ಧೂಳಿನ ವಿರುದ್ಧ ಜೋಕಟ್ಟೆಯ ನಿವಾಸಿಗಳು ದೀರ್ಘಕಾಲ ಹೋರಾಡಬೇಕಾಯಿತು. ಗೋಪುರದಲ್ಲಿ ಉರಿದ ಮಸಿಯೂ, ಘಟ್ಟದಲ್ಲಿ ಉರಿದ ಡೀಸೆಲ್ಲೂ ಹೊಗೆಯಾಗಿ ಒಂದೇ ಆಕಾಶವನ್ನು ಸೇರುತ್ತವೆ. ಆ ಹೊಗೆಯಿಂದ ಜಗತ್ತು ಕಾದಂತೆ ಮಳೆಯ ನಡತೆಯೂ ಒರಟಾಗುವುದೆಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಹೂಮಳೆಯನ್ನೇ ನಂಬಿದ ನಾಡಿಗೆ ಇದು ದೂರದ ಸುದ್ದಿಯಲ್ಲ.

ಹಾಗೆಂದು ಟ್ಯಾಂಕರು ಬೇಡವೆನ್ನಲು ಬೆಳೆಗಾರನಿಗೆ ಸಾಧ್ಯವಿಲ್ಲ, ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುವ ಮನೆಯವರಿಗಂತೂ ಸಾಧ್ಯವೇ ಇಲ್ಲ. ಎಣ್ಣೆ ಬೇಕು, ಅದು ಸುಮ್ಮನೆ ದೊರೆತದ್ದಲ್ಲವೆಂಬ ಅರಿವೂ ಬೇಕು. ಮೂರು ಸೆಕೆಂಡಿನ ಒಂದು ಸೀಳಿನ ಹಿಂದೆ ನೂರು ವರ್ಷಗಳ ಬುದ್ಧಿಯಿದೆ, ಒಂದು ನದಿಯಿದೆ, ಒಂದು ಬೆಟ್ಟವಿದೆ. ವೇಗವರ್ಧಕವೂ ಚಿರಂಜೀವಿಯಲ್ಲ. ಎಣ್ಣೆಯಲ್ಲಿನ ನಿಕ್ಕಲ್, ವನೇಡಿಯಂಗಳು ಅಂಟಿ ಅದರ ಕಸುವು ಕುಂದುತ್ತದೆ. ಆದ್ದರಿಂದ ಹಳೆಯ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಹೊಸದನ್ನು ಬೆರೆಸುತ್ತಲೇ ಇರುತ್ತಾರೆ. ಆ ಪುಡಿಯನ್ನು ಚೀಲದಲ್ಲಿ ತರಿಸಬಹುದು. ಜೋಡುಪಾಲದ ಇಳಿಜಾರಿನಿಂದ ಜಾರಿಹೋದ ಮಣ್ಣನ್ನು ತರಿಸಲು ಅಂಗಡಿಯಿಲ್ಲ. ಅಲ್ಲಿ ಮರಗಳ ಬೇರು ಹಿಡಿದು ನಿಂತಿರುವಷ್ಟು ನೆಲವೇ ಟ್ಯಾಂಕರಿಗೂ, ಬಸ್ಸಿಗೂ, ಪ್ರವಾಸಿಯ ಕಾರಿಗೂ ದಾರಿ.